ತುತ್ತಿನ ಮೇಷ್ಟ್ರು

"ಇದೇನ್ರೀ ಇದು?" ಎಂದು ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಾಗ ಅವನು ಕನ್ನಡಿಯ ಎದುರು ಬಾಯಿ ಅಗಲಿಸಿಕೊಂಡು ತನ್ನ ಗಂಟಲನ್ನು ನೋಡಿಕೊಳ್ಳುತ್ತಿದ್ದ. ಕಿರುನಾಲಗೆ ಇತ್ತು, ಅದರ ಹಿಂದೆ ಕತ್ತಲೆ ಇತ್ತು, ಬೇರೇನೂ ಇರಲಿಲ್ಲ. ಡಾಕ್ಟರೂ ಟಾರ್ಚು ಬಿಟ್ಟು ನೋಡಿ ಅದನ್ನೇ ಹೇಳಿದ್ದರು: ದಾರಿ ಸಾಫಾಗಿದೆ, ನೀವೇ ಗೇಟು ಹಾಕ್ಕೊಂಡಿದ್ದೀರಿ. ಹೇಳಿ ತಾವೇ ನಕ್ಕಿದ್ದರು. ಕನ್ನಡಿಯಲ್ಲಿ ಮೊದಲು ಹೆಂಡತಿಯ ಕೈ ಕಂಡಿತು, ಆಮೇಲೆ ಅವಳು ಎರಡು ಬೆರಳ ತುದಿಯಲ್ಲಿ ಹಿಡಿದಿದ್ದ ಅವನದೇ ಕರವಸ್ತ್ರ. ಮಡಿಕೆಗಳ ನಡುವೆ ಬೆಂದ ನುಚ್ಚು ಒಣಗಿ ಅಂಟಿಕೊಂಡಿತ್ತು. ಬಾಯಿ ಒರೆಸಿಕೊಂಡೆ, ಅಂದ. "ಒರೆಸಿಕೊಂಡಿದ್ದಲ್ಲ ಇದು, ಕಟ್ಟಿಕೊಂಡು ಬಂದಿದ್ದು. ಹೋದ ವಾರದ್ದೂ ಹೀಗೇ ಇತ್ತು. ಕೇಳೋಣ ಅಂದ್ಕೊಂಡೆ, ನಿಮ್ಮ ಮುಖ ನೋಡಿ ಸುಮ್ಮನಾದೆ. ಒಗೆಯೋಳಿಗೆ ಗೊತ್ತಾಗದೆ ಇರುತ್ತಾ?" ಅವನು ಬಾಯಿ ಮುಚ್ಚಿ ನಲ್ಲಿ ತಿರುಗಿಸಿದ. ನೀರು ಬರುತ್ತಿರಲಿಲ್ಲ, ಆದರೂ ತಿರುಗಿಸಿಕೊಂಡು ನಿಂತ. "ತಿನ್ನೋಕೆ ಆಗ್ತಿಲ್ಲ ಅಂತ ಆ ಬಯಲಿನ ಜನಕ್ಕೆ ಹೇಳಿಬಿಡಿ," ಎಂದಳು ಹೆಂಡತಿ, ಈಗ ದನಿ ತಗ್ಗಿಸಿ. "ನಿಮ್ಮ ಬದಲು ಬೇರೆ ಯಾರಾದ್ರೂ ತಿಂದ್ರೆ ಆಗಲ್ವಾ? ಊಟ ಮಾಡೋದಕ್ಕೂ ಡಿಗ್ರಿ ಬೇಕಾ?" ಅವಳು ನಗಿಸಲಿಕ್ಕೆ ಹೇಳಿದ್ದು. ಅವನಿಗೆ ಅಳು ಬಂತು, ಮುಖ ತೊಳೆಯುವ ನೆಪಕ್ಕೆ ನೀರೂ ಇರಲಿಲ್ಲ. ಅವಳು ಒಗೆದು ಮಡಿಸಿಟ್ಟ ಇನ್ನೊಂದು ಕರವಸ್ತ್ರ ತಂದು ಅವನ ಷರಟಿನ ಜೇಬಿಗೆ ತುರುಕಿ ಹೋದಳು.

ಬಯಲಿನ ಜನ ಅವನಿಗೆ ಇಟ್ಟ ಹೆಸರು ತುತ್ತಿನ ಮೇಷ್ಟ್ರು. ಅಷ್ಟು ವರ್ಷ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳಿ, ಹಸಿವೆಂದರೆ ಕಾಳಿನ ಅಭಾವವಲ್ಲ, ನಂಬಿಕೆಯ ಅಭಾವ ಎಂದು ದಪ್ಪ ಪುಸ್ತಕ ಬರೆದು, ಕೊನೆಗೆ ಪುಸ್ತಕದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲವೆಂದು ಬೇಸತ್ತು ಕೆಲಸ ಬಿಟ್ಟು, ಹಸಿದವರಿಗೆ ಊಟ ಹಾಕುವ ಈ ಸಂಸ್ಥೆ ಕಟ್ಟಿದವನಿಗೆ ದಕ್ಕಿದ ಬಿರುದು ಅದೊಂದೇ. ಮೊದಮೊದಲು ಅವನಿಗೆ ಅದು ಇಷ್ಟವೇ ಆಗಿತ್ತು, ಸುಳ್ಳೇಕೆ ಹೇಳಬೇಕು. ಗಲಭೆಯಲ್ಲಿ ಮನೆಮಠ ಸುಟ್ಟುಹೋದವರನ್ನೆಲ್ಲ ಲಾರಿಗಳಲ್ಲಿ ತಂದು ರೈಲ್ವೆ ಗೋದಾಮುಗಳ ಹಿಂದಿನ ಬಯಲಿನಲ್ಲಿ ಇಳಿಸಿದ್ದರು. ಸಂಸ್ಥೆಯ ಹಂಡೆಗಳು ಅಲ್ಲಿಗೆ ಹೋದ ಮೊದಲ ದಿನವೇ ಯಾರೋ ಹಬ್ಬಿಸಿದರು, ಅದರಲ್ಲಿ ವಿಷ ಇದೆ, ಮನೆ ಸುಟ್ಟವರೇ ಊಟ ಕಳಿಸಿದ್ದಾರೆ ಎಂದು. ತಾಯಂದಿರು ಮಕ್ಕಳ ಕೈಯಿಂದ ತಟ್ಟೆ ಕಿತ್ತು ನೆಲಕ್ಕೆ ಸುರಿದರು. ಆಗ ಅವನಿಗೆ ತನ್ನದೇ ಪುಸ್ತಕದ ಒಂದು ಅಧ್ಯಾಯ ಹೊಳೆಯಿತು: ಆಳುವವನು ಮೊದಲು ತಾನೇ ಅಪಾಯಕ್ಕೆ ಒಡ್ಡಿಕೊಳ್ಳಬೇಕು. ಬೆಂಚು ಹತ್ತಿದ, ಎಲ್ಲರಿಗೂ ಕಾಣುವ ಹಾಗೆ ತಟ್ಟೆ ತುಂಬ ಹಾಕಿಸಿಕೊಂಡು ತಿಂದ, ಖಾಲಿ ತಟ್ಟೆಯನ್ನು ತಿರುಗಿಸಿ ತೋರಿಸಿದ. ಇವನು ಸಾಯುತ್ತಾನೋ ಇಲ್ಲವೋ ಎಂದು ಎಲ್ಲರೂ ಸ್ವಲ್ಪ ಹೊತ್ತು ನೋಡಿದರು. ಸಾಯಲಿಲ್ಲ. ಸಾಲು ಮುಂದೆ ಬಂತು. ಅವತ್ತು ಮನೆಗೆ ಬಂದವನು ಹೆಂಡತಿಗೆ ಅದನ್ನು ಮೂರು ಸಲ ಹೇಳಿದ್ದ.

ಅಂದಿನಿಂದ ಅದೇ ಪದ್ಧತಿಯಾಯಿತು. ಅವನು ತಿನ್ನದೆ ಬಯಲಿನಲ್ಲಿ ಯಾರೂ ತಿನ್ನುವುದಿಲ್ಲ. ಒಮ್ಮೆ ಜ್ವರ ಬಂದು ಅವನು ಹೋಗದಿದ್ದಾಗ ಅಡುಗೆಯ ಅಕ್ಕ ತಾನೇ ಬೆಂಚು ಹತ್ತಿ ತಿಂದಿದ್ದಳಂತೆ, ಸಾಲು ಅಲುಗಲಿಲ್ಲವಂತೆ. ಯಾವಾಗಲೂ ಸಾಲಿನ ಮುಂದೆ ನಿಲ್ಲುವ ಒಬ್ಬಳು ಮುದುಕಿ, ಎಲ್ಲರೂ ಮೊದಲಜ್ಜಿ ಎಂದೇ ಕರೆಯುವವಳು, ಮರುದಿನ ಅವನಿಗೆ ಅದರ ಕಾರಣ ಬಿಡಿಸಿ ಹೇಳಿದಳು. "ಅವಳು ಸತ್ರೆ ನಾಲ್ಕು ಜನ ಅತ್ತು ಸುಮ್ಮನಾಗ್ತೀವಿ. ನೀವು ಸತ್ರೆ ಪೇಪರಿನೋರು ಬರ್ತಾರೆ, ಪೊಲೀಸಿನೋರು ಬರ್ತಾರೆ. ನಿಮ್ಮ ತಟ್ಟೆಗೆ ವಿಷ ಹಾಕೋ ಧೈರ್ಯ ಯಾರಿಗಿದೆ ಮೇಷ್ಟ್ರೇ?" ಆ ಮಾತು ಕೇಳಿ ಅವನಿಗೆ ಅವಮಾನವಾಗಬೇಕಿತ್ತು, ರೋಮಾಂಚನವಾಯಿತು. ಸತ್ತರೆ ಕೇಳುವವರಿರುವ ಜೀವವೇ ಒತ್ತೆಗೆ ಯೋಗ್ಯ, ಪ್ರಭುತ್ವ ನಿಂತಿರುವುದು ಆ ಒತ್ತೆಯ ಮೇಲೆ ಎಂದು ಪ್ರಬಂಧ ಬರೆದು ದೂರದ ಊರಿನ ಸಮ್ಮೇಳನದಲ್ಲಿ ಓದಿದ. ಚಪ್ಪಾಳೆಯಾದ ಮೇಲೆ ಊಟವಿತ್ತು. ಎರಡನೇ ಸಲವೂ ಬಡಿಸಿಕೊಂಡಿದ್ದ. ಈಗ ಅದು ನೆನಪಾದರೆ ಕಾರಿನಲ್ಲಿ ಒಬ್ಬನೇ ಕೂತಿರುವಾಗಲೂ ಮುಖ ಬಿಸಿಯಾಗುತ್ತದೆ. ಹೆಂಡತಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಊಟ ಮಾಡುವುದಕ್ಕೂ ಡಿಗ್ರಿ ಬೇಕು.

ಬಯಲಿಗೆ ಹೋಗುವ ದಾರಿಯಲ್ಲಿ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಫೋನು ಬಂತು. ಆಹಾರ ಇಲಾಖೆಯ ಅಧಿಕಾರಿ, ಒಂದು ಕಾಲದಲ್ಲಿ ಅವನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಮೊನ್ನೆ ಸಂಜೆಯಿಂದ ನುಚ್ಚು ಬೇಳೆ ತರುತ್ತಿದ್ದ ಸಂಸ್ಥೆಯ ಲಾರಿಯನ್ನು ತಪಾಸಣಾ ಗೇಟಿನಲ್ಲಿ ನಿಲ್ಲಿಸಿಕೊಂಡಿದ್ದರು. ಹಾಗಾಗಿ ನಿನ್ನೆ ಬಯಲಿನಲ್ಲಿ ಒಲೆ ಹತ್ತಿರಲಿಲ್ಲ. "ಬಿಟ್ಟಿದ್ದೀವಿ ಸರ್ ಲಾರಿ, ಬೆಳಗ್ಗೇನೇ ಬಿಟ್ಟಿದ್ದೀವಿ. ನಿಮ್ಮ ಸ್ಟೂಡೆಂಟಾಗಿ ಅಷ್ಟೂ ಮಾಡ್ದೆ ಇರ್ತೀನಾ?" ನಿನ್ನೆ ಇಡೀ ದಿನ ಅಷ್ಟು ಜನ ಉಪವಾಸ ಬಿದ್ದಿದ್ದರಲ್ಲಪ್ಪಾ, ಅಂದ ಅವನು. "ಏನ್ ಮಾಡೋದು ಸರ್. ಒಂದು ಸಹಿ ಬೀಳ್ಬೇಕಿತ್ತು, ಸಾಹೇಬರು ಮದುವೆಗೆ ಹೋಗಿದ್ರು. ತಪ್ಪು ಯಾರದೂ ಅಲ್ಲ, ವ್ಯವಸ್ಥೆಗೆ ಮುಖ ಇರಲ್ಲ ಅಂತ ನೀವೇ ಪಾಠ ಮಾಡಿದ್ರಲ್ಲ, ನಾನು ಬರ್ಕೊಂಡಿದ್ದೆ." ಅವನು ಥ್ಯಾಂಕ್ಸ್ ಅಂದ. ಅಂದ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ಮುಂದಿನ ವಾರವೂ ಲಾರಿ ಬರಬೇಕು, ಆ ಗೇಟು ಅಲ್ಲೇ ಇರುತ್ತದೆ, ಈ ಅಧಿಕಾರಿಯೂ ಅಲ್ಲೇ ಇರುತ್ತಾನೆ. ಇದೇ ಹುಡುಗ ಒಂದು ದಿನ ಕೊನೆಯ ಬೆಂಚಿನಿಂದ ಎದ್ದು ನಿಂತಿದ್ದ. ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು, ಕಿಟಕಿಯಿಂದ ಹಸಿ ಹುಲ್ಲಿನ ವಾಸನೆ. ದೊರೆ ಮೊದಲು ತಿಂದು ತೋರಿಸ್ತಾನೆ ಅಂದ್ರಿ ಸರ್, ಸರಿ. ಅವನಿಗೆ ಹಸಿವೇ ಇಲ್ದೆ ಇದ್ರೆ? ತರಗತಿ ಗೊಳ್ಳೆಂದು ನಕ್ಕಿತ್ತು. ಇವನೂ ನಕ್ಕು, ಅದು ಸಿಲಬಸ್ಸಿನಲ್ಲಿ ಇಲ್ಲಪ್ಪಾ, ಕೂತ್ಕೋ, ಅಂದಿದ್ದ. ಹಿಂದಿನ ಕಾರಿನವನು ಹಾರ್ನು ಒತ್ತಿ ಹಿಡಿದಿದ್ದ. ದೀಪ ಯಾವಾಗಲೋ ಹಸಿರಾಗಿತ್ತು.

ಹಸಿವೇ ಇಲ್ಲ ಎನ್ನುವುದೂ ನಿಜವಲ್ಲ. ಮನೆಯಲ್ಲಿ, ಅಡುಗೆಮನೆಯ ಕಟ್ಟೆಗೆ ಒರಗಿ ಒಬ್ಬನೇ ತಿಂದರೆ ಹೇಗೋ ಇಳಿಯುತ್ತದೆ. ಆ ಬೆಂಚಿನ ಮೇಲೆ ಮಾತ್ರ ಇಳಿಯುವುದಿಲ್ಲ. ಬೆಂಚಿನ ಮೇಲೆ ತಿನ್ನುವಾಗ ಅವನು ಯಾವತ್ತೂ ಜನರ ತಲೆಗಳ ಆಚೆ, ಗೋದಾಮಿನ ಗೋಡೆಯ ಮೇಲಿದ್ದ ಹಳೆಯ ಸೋಪಿನ ಜಾಹೀರಾತನ್ನು ನೋಡುತ್ತಿದ್ದ. ಕೆನ್ನೆಗೆ ನೊರೆ ಹಚ್ಚಿಕೊಂಡ ಹೆಂಗಸೊಬ್ಬಳು ಅರ್ಧ ಅಳಿಸಿಹೋದ ಬಾಯಲ್ಲಿ ನಗುತ್ತಿದ್ದಳು. ಒಂದು ದಿನ ಯಾಕೋ ಕಣ್ಣು ಕೆಳಗಿಳಿಯಿತು. ಅವನು ನುಂಗಿದ, ಸಾಲಿನಲ್ಲಿ ನಿಂತವರ ಗಂಟಲುಗಳೂ ಮೇಲೆ ಹೋಗಿ ಕೆಳಗೆ ಬಂದವು. ಅವರ ಬಾಯಲ್ಲಿ ಏನೂ ಇರಲಿಲ್ಲ. ನಂಬಲಾಗದೆ ಇನ್ನೊಂದು ತುತ್ತು ನುಂಗಿದ, ಮತ್ತೆ ಅಷ್ಟೂ ಗಂಟಲುಗಳು ಅಲ್ಲಾಡಿದವು, ಗಂಡಸರದ್ದು, ಹೆಂಗಸರದ್ದು, ಕಂಕುಳ ಕೂಸಿನದ್ದು ಕೂಡ. ತಾನು ಹಸಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಊಟ ಮಾಡುತ್ತಿದ್ದೇನೆ ಎನ್ನುವ ಸಾದಾ ವಿಷಯ, ಅಷ್ಟು ಓದಿದರೂ ತಲೆಗೆ ಹತ್ತದೇ ಇದ್ದದ್ದು, ಆಗ ಹತ್ತಿತು. ಮೂರನೇ ತುತ್ತು ನಾಲಗೆಯ ಬುಡದಲ್ಲಿ ನಿಂತುಬಿಟ್ಟಿತು. ಅದನ್ನು ದವಡೆಯ ಸಂದಿಗೆ ಸರಿಸಿ, ಮುಖ ಸಡಿಲ ಬಿಟ್ಟು ಕೆಳಗಿಳಿದು, ಮರೆಗೆ ಹೋಗಿ ಕರವಸ್ತ್ರಕ್ಕೆ ಉಗುಳಿದ. ಮಾರನೆಯ ದಿನ ಎರಡನೆಯದೇ ನಿಂತಿತು. ಈಗ ಕೆಲಸದ ಅವಸರವೆಂದು ನೆಪ ಹೇಳಿ ಇಡೀ ಊಟವನ್ನು ಒಂದು ತುತ್ತಿಗೆ ಇಳಿಸಿದ್ದಾನೆ, ಆ ಒಂದೂ ಇಳಿಯುತ್ತಿಲ್ಲ. ನಿಜ ಹೇಳಿಬಿಡೋಣವೆಂದು ಎಷ್ಟು ಸಲ ಅಂದುಕೊಂಡ. ಏನೆಂದು ಹೇಳುವುದು? ನನಗೆ ನುಂಗಲಾಗುತ್ತಿಲ್ಲ, ನೀವು ನುಂಗಿ, ಎಂದೇ? ಹಾಗೆಂದ ಮರುಕ್ಷಣ ಹಂಡೆಗಳು ಮಗುಚಿ ಬೀಳುತ್ತವೆ. ಇವತ್ತು ಹಾಗಾಗಬಾರದು. ಇವತ್ತು ಬೇರೆ ದಿನದ ಹಾಗಲ್ಲ, ನಿನ್ನೆ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲ. ಇವತ್ತೊಂದು ದಿನ ಇಳಿದರೆ ಸಾಕು ಎಂದು ಅವನು ಸ್ಟೀರಿಂಗ್ ಹಿಡಿದುಕೊಂಡೇ ಉಗುಳು ನುಂಗಿ ನುಂಗಿ ನೋಡಿದ.

ಗೋದಾಮಿನ ಪಕ್ಕ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಎದುರು ಬಂದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು. "ಎಷ್ಟೊತ್ತು ಮೇಷ್ಟ್ರೇ. ಜನ ಆಗಲೇ ಗುಸುಗುಸು ಶುರು ಮಾಡಿದ್ದಾರೆ," ಎಂದಳು. ಏನಂತೆ, ಅಂದ. "ಈ ಸಲದ ನುಚ್ಚು ಬೇರೆ ಥರ ಇದೆ. ಬೆಂದ ಮೇಲೆ ಸ್ವಲ್ಪ ಕೆಂಪಗೆ ಕಾಣುತ್ತೆ. ಲಾರೀನ ಗೇಟಲ್ಲಿ ಒಂದು ದಿನ ಯಾಕೆ ಇಟ್ಕೊಂಡ್ರು, ಅಲ್ಲಿ ಏನಾದ್ರೂ ಬೆರೆಸಿದ್ರಾ ಅಂತ ಕೇಳ್ತಿದ್ದಾರೆ. ನಾನು ಎರಡು ಸಲ ರುಚಿ ನೋಡಿದೆ, ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದೀನಿ. ನನ್ನ ಮಾತು ಯಾರು ಕೇಳ್ತಾರೆ? ಇವತ್ತು ನೀವು ಒಂದು ತುತ್ತು ಜಾಸ್ತಿನೇ ತಿನ್ನಿ." ಹೂಂ ಅಂದ. ನಿಮ್ಮ ಮುಖಾನೂ ಬಾಡಿದೆ, ತಿಂಡಿ ತಿಂದ್ರೋ ಇಲ್ವೋ, ಎಂದು ಅವಳು ಕೇಳಿದಾಗ ಅವನಿಗೆ ನಗಬೇಕೆನಿಸಿತು. ಸಾಲು ಹಂಡೆಗಳಿಂದ ಶುರುವಾಗಿ ನೀರಿನ ಟ್ಯಾಂಕರನ್ನು ಸುತ್ತಿ ಗೋದಾಮಿನ ಮೂಲೆಯಾಚೆ ತಿರುಗಿತ್ತು. ಯಾರೂ ಜಗಳವಾಡುತ್ತಿರಲಿಲ್ಲ. ಬೇರೆ ದಿನ ಈ ಹೊತ್ತಿಗೆ ಎರಡು ಜಗಳವಾದರೂ ಆಗಿರುತ್ತಿದ್ದವು, ಮುಂದೆ ನುಗ್ಗಿದವರಿಗೆ ಹಿಂದಿನವರಿಂದ ಪೂಜೆಯಾಗಿರುತ್ತಿತ್ತು. ಇವತ್ತು ತಟ್ಟೆಯನ್ನು ಹೊಟ್ಟೆಗೆ ಅವುಚಿಕೊಂಡು ಸುಮ್ಮನೆ ನಿಂತಿದ್ದರು. ಅದು ಅವನಿಗೆ ಹೆದರಿಕೆ ತಂದಿತು.

ಬೆಂಚು ಹತ್ತಿದ. ಅಕ್ಕ ತಟ್ಟೆ ಕೊಟ್ಟಳು, ಹಬೆ ಆಡುತ್ತಿತ್ತು. ಬೇಳೆಯೂ ನುಚ್ಚೂ ಒಂದಾಗಿ ಬೆಂದು ಒಳ್ಳೆಯ ವಾಸನೆ ಬರುತ್ತಿತ್ತು, ನಿಜವಾಗಿಯೂ ಒಳ್ಳೆಯದು. ಸಾಲಿನ ಮುಂದೆ ಮೊದಲಜ್ಜಿ, ಅವಳ ಸೆರಗು ಹಿಡಿದು ಮೊಮ್ಮಗಳು. ಮಗುವಿನ ತಾಯ್ತಂದೆ ಗಲಭೆಯಲ್ಲೇ ಹೋದವರು. ಅಜ್ಜಿಗೆ ಅದು, ಅದಕ್ಕೆ ಅಜ್ಜಿ. "ಬೇಗ ನುಂಗಿ ಮೇಷ್ಟ್ರೇ, ನಿಮ್ಮ ನಾಚಿಕೆ ನೋಡ್ತಾ ನಿಂತ್ರೆ ಇವಳು ನನ್ನನ್ನೇ ತಿಂದುಬಿಡ್ತಾಳೆ," ಎಂದಳು ಅಜ್ಜಿ. ಎಂದಿನ ತಮಾಷೆ, ಆದರೆ ದನಿ ಬತ್ತಿತ್ತು. ಅವನು ಸೋಪಿನ ಹೆಂಗಸನ್ನು ಹುಡುಕಿದ. ಅವಳ ಮುಖದ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು. ಬೇರೆಲ್ಲಿ ನೋಡುವುದೆಂದು ತಿಳಿಯದೆ ಮೊದಲ ತುತ್ತು ಬಾಯಿಗಿಟ್ಟ, ಅಗಿದ, ಅಗಿಯುತ್ತಲೇ ಇದ್ದ. ನುಂಗು, ಎಂದು ತನಗೇ ಹೇಳಿಕೊಂಡ. ಒಂದು ತುತ್ತು, ಮಾರಾಯ, ಜಗತ್ತಿನಲ್ಲಿ ಎಲ್ಲರೂ ಮಾಡುವ ಕೆಲಸ, ಹಸುಗೂಸು ಯಾರೂ ಕಲಿಸದೆ ಮಾಡುತ್ತದೆ. ಮುಂದೆ ನಿಂತಿದ್ದ ಗಂಡಸೊಬ್ಬನ ಗಂಟಲು ಮೇಲೆ ಹೋಗಿ, ಇವನು ನುಂಗದ್ದರಿಂದ ಕೆಳಗೆ ಬರದೆ, ಅಲ್ಲೇ ಕಾಯುತ್ತಿತ್ತು. ಅವನು ಅದನ್ನು ನೋಡಿದ. ಮುಗಿಯಿತು. ತುತ್ತನ್ನು ಎಡ ಕೆನ್ನೆಗೆ ಸರಿಸಿದ. ಅಕ್ಕ ಹೇಳಿದ್ದು ನೆನಪಾಗಿ ಇನ್ನೊಂದು, ಸಣ್ಣದು, ತೆಗೆದುಕೊಂಡು ಬಲಗಡೆ ಇಟ್ಟುಕೊಂಡ. ಗಂಟಲನ್ನು ಬರಿದೇ ಒಮ್ಮೆ ಏರಿಸಿ ಇಳಿಸಿದ. ಅಷ್ಟೂ ಗಂಟಲುಗಳು ಇಳಿದವು.

"ಆ ಅನ್ನಿ," ಎಂದಿತು ಮಗು. ಅದು ಅವರಿಬ್ಬರ ಹಳೆಯ ಆಟ. ಅವನು ಬಾಯಿ ತೆರೆದು ತೋರಿಸಬೇಕು, ಅವಳು ಇಣುಕಿ ನೋಡಿ ಖಾಲಿ ಎನ್ನಬೇಕು, ಆಗ ಸಾಲೆಲ್ಲ ನಕ್ಕು ಮುಂದೆ ಬರುತ್ತಿತ್ತು. ಇತ್ತೀಚೆಗೆ ಅವನು ಆಟ ತಪ್ಪಿಸಿಕೊಳ್ಳುತ್ತಿದ್ದ. "ಕೇಳ್ತಿದೆಯಲ್ಲ, ತೋರ್ಸಿ ಮೇಷ್ಟ್ರೇ," ಎಂದಳು ಅಜ್ಜಿ. ಅವನು ತುಟಿ ಬಿಗಿದೇ ನಕ್ಕ, ಬೆಂಚಿನಿಂದ ಇಳಿದ, ಮಗುವಿನ ತಲೆ ಸವರಿ ಅಕ್ಕನಿಗೆ ಕೈಸನ್ನೆ ಮಾಡಿದ. ಅಜ್ಜಿ ಒಂದು ಗಳಿಗೆ ಅವನ ಕೆನ್ನೆಯನ್ನೇ ನೋಡಿದಳು. ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ಅಕ್ಕ ಹಂಡೆಯ ಅಂಚಿಗೆ ಸೌಟು ಬಡಿದು ಬನ್ನಿ ಬನ್ನಿ ಎಂದಳು, ಹಿಂದಿನಿಂದ ಸಾಲು ದಬ್ಬಿತು, ಮಗು ತಟ್ಟೆ ಮುಂದೆ ಚಾಚಿತು. ಹಸಿವಿನ ಮುಂದೆ ಅಜ್ಜಿಯ ಅನುಮಾನಕ್ಕೆ ನಿಲ್ಲಲು ಜಾಗವಿರಲಿಲ್ಲ. ಅವನು ಪಾರಾದೆ ಅಂದುಕೊಂಡ.

ತಕ್ಷಣ ಹೋಗಿ ಉಗುಳಿದರೆ ಯಾರಾದರೂ ನೋಡಿಯಾರೆಂದು ಹಂಡೆಗಳ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡೇ ಓಡಾಡಿದ, ಯಾರೋ ಏನೋ ಕೇಳಿದರೆ ತಲೆಯಾಡಿಸಿದ. ಸುತ್ತ ಜನ ಕೂತು ತಿನ್ನುತ್ತಿದ್ದರು. ತಟ್ಟೆಗೆ ಬೆರಳು ತಾಗುವ ಸದ್ದು, ಮೂಗೊರೆಸಿಕೊಳ್ಳುವ ಸದ್ದು, ಎಲ್ಲೋ ಕೊನೆಗೂ ಶುರುವಾದ ಒಂದು ಜಗಳ. ಅವನಿಗೆ ಸಂತೋಷವಾಯಿತು. ಸುಳ್ಳು ಹೇಳಿಯೇ ಆಗಲಿ ಇಷ್ಟು ಜನ ಉಂಡರಲ್ಲ, ಇದಕ್ಕಿಂತ ದೊಡ್ಡ ನಿಜ ಯಾವುದಿದೆ ಎಂದು ವಾದ ಹೂಡಿಕೊಂಡ. ವಾದ ಹೂಡುವುದರಲ್ಲಿ ಅವನದು ಪಳಗಿದ ಕೈ. ಸಾಲು ಕರಗುತ್ತ ಬಂದಾಗ ಟ್ಯಾಂಕರಿನ ಹಿಂದೆ, ಗೋಡೆಗೂ ಚಕ್ರಕ್ಕೂ ನಡುವಿನ ಕಿರಿದಾದ ಜಾಗಕ್ಕೆ ಹೋದ. ಹೆಂಡತಿ ತುರುಕಿದ ಕರವಸ್ತ್ರ ಬಿಡಿಸಿ ಉಗುಳಿದ. ನಾಲಗೆಯಿಂದ ಸಂದಿಗಳನ್ನು ಸವರಿ ಎರಡನೇ ಸಲವೂ ಉಗುಳಿದ. ಜೀವ ಹಗುರಾಯಿತು. ಮಡಿಸಲೆಂದು ತಿರುಗಿದರೆ ಅಜ್ಜಿಯೂ ಮಗುವೂ ಟ್ಯಾಂಕರಿನ ನಲ್ಲಿಯ ಹತ್ತಿರ ನಿಂತಿದ್ದರು. ತಟ್ಟೆ ತೊಳೆಯಲು ಬಂದವರು.

ಮಗು ಅವನನ್ನು ಕಂಡು ಓಡಿ ಬಂತು. ಬಾಯಿ ಇದ್ದಷ್ಟೂ ಅಗಲಿಸಿ, ಆ ಎಂದು, ತೋರಿಸಿತು. "ನಂದೂ ಖಾಲಿ," ಎಂದಿತು. ಹಿಂದಿನಿಂದ ಅಜ್ಜಿ ನೋಡುತ್ತಿದ್ದದ್ದು ಅವನ ಕೈಯನ್ನು. ಕೆಂಪಗಿನ ನುಚ್ಚು ಬಿಳಿಯ ಬಟ್ಟೆಯ ಮೇಲೆ ಇನ್ನೂ ಕೆಂಪಗೆ ಕಾಣುತ್ತಿತ್ತು. ಅಜ್ಜಿ ಕೂಗಲಿಲ್ಲ. "ಏನ್ ಹಾಕಿದ್ದಾರೆ ಅದ್ರಲ್ಲಿ, ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದಳು. ಏನೂ ಇಲ್ಲ ಅಜ್ಜಿ, ಊಟ ಚೆನ್ನಾಗಿದೆ, ಅಂದ. "ಮತ್ತೆ ಯಾಕೆ ಉಗುದ್ರಿ?" ಇಡೀ ಆಯುಷ್ಯ ಮಾತಿನಲ್ಲೇ ಬದುಕಿದವನಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. "ನೀವೆಲ್ಲ ನೋಡ್ತಾ ಇರ್ತೀರಲ್ಲ, ಅದಕ್ಕೆ," ಎಂದ. ಅದು ನಿಜವಾಗಿತ್ತು. ಆ ನಿಜ, ನೀವು ನೋಡುತ್ತೀರೆಂದೇ ತಿನ್ನುವ ನಾಟಕವಾಡಿದೆ ಎನ್ನುವ ಹಾಗೆ ಕೇಳಿಸಿತೆಂದು ಅಜ್ಜಿಯ ಮುಖ ನೋಡಿದ ಮೇಲೆ ಅವನಿಗೆ ತಿಳಿಯಿತು. ಹಾಗಲ್ಲ, ನನ್ನ ಗಂಟಲು, ಡಾಕ್ಟರನ್ನ ಕೇಳಿ, ಎಂದು ಅವನು ಮುಂದೆ ಬರುತ್ತಿದ್ದಂತೆ ಅಜ್ಜಿ ಮಗುವನ್ನು ಎಳೆದುಕೊಂಡಳು. ಮಗುವಿನ ಬಾಯಿ ಇನ್ನೂ ತೆರೆದೇ ಇತ್ತು. ಅಜ್ಜಿ ಅದರೊಳಗೆ ಎರಡು ಬೆರಳು ಹಾಕಿದಳು.

ಮಗು ಒದ್ದಾಡಿತು, ಅಜ್ಜಿ ಬಿಡಲಿಲ್ಲ. ಕತ್ತು ಹಿಡಿದು ಬಗ್ಗಿಸಿ, "ಕಕ್ಕು ನನ್ನವ್ವ, ಕಕ್ಕು," ಎನ್ನುತ್ತ ಇನ್ನೂ ಆಳಕ್ಕೆ ಹಾಕಿದಳು. ಎರಡು ದಿನಕ್ಕೆ ಸಿಕ್ಕ ಒಂದು ಊಟ ಟ್ಯಾಂಕರಿನ ಚಕ್ರದ ಮೇಲೆ ಬಿತ್ತು. ಆ ಸದ್ದಿಗೆ ನಲ್ಲಿಯ ಹತ್ತಿರ ಬಂದ ಇನ್ನೊಬ್ಬಳು ಇದನ್ನು ನೋಡಿದಳು, ಅವನ ಕೈಯ ಬಟ್ಟೆಯನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಅವನೂ ಅವಳ ಹಿಂದೆ ಓಡಿದ. ಅವನು ಗೋದಾಮಿನ ಮುಂದೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಉಣ್ಣುತ್ತ ಕೂತಿದ್ದವರು ಎದ್ದಿದ್ದರು. ತಾಯಂದಿರು ಮಕ್ಕಳನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡಿದ್ದರು. ಗಂಡಸರು ಗೋಡೆಗೆ ಕೈಯೂರಿ ತಮ್ಮ ಗಂಟಲಿಗೆ ತಾವೇ ಬೆರಳು ಹಾಕಿಕೊಳ್ಳುತ್ತಿದ್ದರು. ಅಡುಗೆಯ ಅಕ್ಕ ನಡುವೆ ನಿಂತು, ನಾನೂ ತಿಂದಿದ್ದೀನಿ, ನೋಡಿ, ನಾನೂ ತಿಂದಿದ್ದೀನಿ, ಎಂದು ಒಬ್ಬೊಬ್ಬರ ತೋಳನ್ನೂ ಹಿಡಿದು ಅಲ್ಲಾಡಿಸುತ್ತಿದ್ದಳು. ಯಾರೂ ಅವಳ ಮಾತು ಕೇಳಲಿಲ್ಲ.

ಅವನು ಬೆಂಚು ಹತ್ತಿದ. ನಿಲ್ಲಿ, ಇಲ್ಲಿ ನೋಡಿ, ಎಂದು ಕೂಗಿದ. ಮತ್ತೆ ಇಳಿದು, ಹಂಡೆಯ ತಳದಲ್ಲಿ ಉಳಿದಿದ್ದನ್ನು ಸೌಟಿನಿಂದ ತಟ್ಟೆಗೆ ಬಳಿದುಕೊಂಡು, ಮತ್ತೆ ಹತ್ತಿ, ಕೈಯಿಂದಲೇ ಒಂದು ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡ. ನುಂಗಿದ. ಇನ್ನೊಂದು ತುರುಕಿಕೊಂಡ, ನುಂಗಿದ. ಬಾಯಿ ತೆರೆದು ಆ ಎಂದು ಎಲ್ಲ ಕಡೆಗೂ ತಿರುಗಿ ತೋರಿಸಿದ. ಎಲ್ಲರೂ ಬಗ್ಗಿದ್ದರು. ಬಯಲಿನ ತುಂಬ ಬೆನ್ನುಗಳೇ ಕಾಣುತ್ತಿದ್ದವು. ಒಂದು ಕಣ್ಣೂ ಅವನ ಮೇಲಿರಲಿಲ್ಲ. ಅವನು ಮತ್ತೊಂದು ತುತ್ತು ಹಾಕಿಕೊಂಡ. ಎಲ್ಲೂ ನಿಲ್ಲಲಿಲ್ಲ, ಸಲೀಸಾಗಿ ಇಳಿಯಿತು. ರುಚಿಯಾಗಿತ್ತು. ಎಷ್ಟು ದಿನದಿಂದಲೋ ಹಸಿದಿದ್ದವನು, ಅಳುತ್ತ, ತಟ್ಟೆ ಖಾಲಿಯಾಗುವವರೆಗೂ ತಿಂದ.